ಯಾವ ಊರಿಗೂ ಸಿಗದ ಇಪ್ಪತ್ತೈದು

೧೯೪೭, ಡಿಸೆಂಬರ್ ೧೯, ಶುಕ್ರವಾರ. ಬೆಳಿಗ್ಗೆ ಏಳೂಕಾಲಕ್ಕೆ ಪತ್ರಿಕೆಗೆಂದು ಇದನ್ನು ಬರೆಯಲು ಕೂತೆ.

ಕ್ರಿಸ್‌ಮಸ್ ರಜೆಗೆ ಬಂದಿರುವ ಅಣ್ಣ ಸುಮ್ಮನೆ ಕೂರಲಾರದೆ ನಿನ್ನೆ ಅಟ್ಟ ಗುಡಿಸಿದ. ಒಂದು ಹಳೆಯ ಸೈಕಲ್ ದೀಪ ಸಿಕ್ಕಿತು. ಉರಿಯುತ್ತದೋ ನೋಡೋಣ ಎಂದು ಇವತ್ತು ಬೆಳಿಗ್ಗೆ ಎಲ್ಲಿಂದಲೋ ಎರಡು ಚೂರು ಕಾರ್ಬೈಡ್ ತಂದು, ತಳದ ಡಬ್ಬಿಗೆ ಹಾಕಿ ನೀರು ಬಿಟ್ಟ. ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಜಗಲಿಯಿಂದ ಅಡುಗೆಮನೆಯವರೆಗೂ ಹೋಯಿತು. ಒಳಗಿನಿಂದ ಅವ್ವ ಕೂಗಿದಳು.

"ಉಪದೇಶಿಗಳು ಬಂದ್ರೇನು? ಕಾಲಿಗೆ ನೀರು ಕೊಡ್ರಿ."

ಕೂಗಿದ ಮೇಲೆ ಅವಳಿಗೇ ನೆನಪಾಗಿರಬೇಕು. ನೀರಿನ ಚೊಂಬು ಮತ್ತೆ ಕೆಳಗಿಟ್ಟ ಸದ್ದು ಬಂತು.

ಉಪದೇಶಿಗಳು ಕಡೆಯ ಸಲ ಬಂದು ಆರು ವರ್ಷವಾಯಿತು. ನಾವು ಬರೆದ ಒಂದು ಕಾಗದದಿಂದ ಅವರ ಕೆಲಸ ಹೋಯಿತು. ಕಾಗದಕ್ಕೆ ಸಹಿ ಹಾಕಿದವರು ಅಪ್ಪ. ಅದರಲ್ಲಿದ್ದ ತಾರೀಖುಗಳೆಲ್ಲ ನನ್ನ ದಿನಚರಿಯವು.

ಆಗ ಹೊನ್ನಾಳಿಯಲ್ಲಿ ನಮ್ಮ ಕ್ರೈಸ್ತ ಸಭೆಯವರ ಮನೆ ಐದು. ಚನ್ನಗಿರಿಯಲ್ಲಿ ಏಳು, ಜಗಳೂರಿನಲ್ಲಿ ನಾಲ್ಕು, ನ್ಯಾಮತಿಯಲ್ಲಿ ಎರಡೇ. ನಾಲ್ಕು ಊರಿಗೂ ದೇವಾಲಯವಿರಲಿಲ್ಲ. ಪಾದ್ರಿಗಳು ವರ್ಷಕ್ಕೆ ಒಂದೆರಡು ಸಲ ಬಂದರೆ ಹೆಚ್ಚು. ಉಳಿದಂತೆ ಸತ್ಯವೇದ ಓದುವುದು, ಕೀರ್ತನೆ ಹೇಳಿಕೊಡುವುದು, ಕಾಯಿಲೆಯವರ ತಲೆ ಮುಟ್ಟಿ ಪ್ರಾರ್ಥಿಸುವುದು, ಎಲ್ಲಕ್ಕೂ ಈ ಒಬ್ಬ ಉಪದೇಶಿಗಳೇ. ದೂರದ ಜಗಳೂರಿಗೆ ಬಸ್ಸಿನ ಮೇಲೆ ಸೈಕಲ್ ಏರಿಸಿಕೊಂಡು ಹೋಗುತ್ತಿದ್ದರು. ಹತ್ತಿರದ ಊರುಗಳಿಗೆ ಸೈಕಲ್ ತುಳಿದೇ ಹೋಗುತ್ತಿದ್ದರು. ಕುತ್ತಿಗೆಯವರೆಗೂ ಗುಂಡಿ ಹಾಕಿದ ಕಂದು ಕೋಟು, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಸೈಕಲ್ಲಿನ ಮುಂದೆ ಈ ದೀಪ. ಐವತ್ತರ ಆಸುಪಾಸಿನವರು, ದೊಡ್ಡವರಾದ ಮೇಲೆ ನಮ್ಮ ಸಭೆಗೆ ಸೇರಿದವರು. ಹೆಂಡತಿ ತೀರಿಹೋಗಿದ್ದಾಳೆ ಎಂದು ಹೇಳಿದ್ದರು. ಮನೆ ಎಲ್ಲಿ ಎಂದು ಕೇಳಿದರೆ "ಸೈಕಲ್ಲೇ" ಎಂದು ನಗುತ್ತಿದ್ದರು. ನಮಗೂ ನಗು ಬರುತ್ತಿತ್ತು. ಅದು ಉತ್ತರವಲ್ಲ ಎಂದು ನನಗೆ ತೋಚಿದ್ದು ಎಷ್ಟೋ ವರ್ಷದ ಮೇಲೆ.

ಊರು ನಾಲ್ಕು, ಇಪ್ಪತ್ತೈದನೇ ತಾರೀಖು ಒಂದೇ. ಹಾಗಾಗಿ ನಮ್ಮ ಕಡೆ ಕ್ರಿಸ್‌ಮಸ್ ಆರಾಧನೆ ಸರದಿಯ ಮೇಲೆ ನಡೆಯುತ್ತಿತ್ತು. ಜಗಳೂರಿನವರಿಗೆ ಇಪ್ಪತ್ತೊಂದರ ಸುಮಾರಿಗೆ, ಚನ್ನಗಿರಿಯವರಿಗೆ ಇಪ್ಪತ್ತಮೂರು, ನಮಗೆ ಇಪ್ಪತ್ತನಾಲ್ಕರ ಸಂಜೆ, ನ್ಯಾಮತಿಯವರಿಗೆ ಇಪ್ಪತ್ತಾರು. ನಿಜವಾದ ದಿನ ಪ್ರತಿ ವರ್ಷ ಒಂದೊಂದು ಊರಿಗೆ ಸಿಗಬೇಕು. ಇದು ಉಪದೇಶಿಗಳೇ ಮಾಡಿದ ಏರ್ಪಾಡು. ನನ್ನ ದಿನಚರಿ ಶುರುವಾದದ್ದು ೧೯೩೭ರಲ್ಲಿ, ನನಗೆ ಹದಿನಾಲ್ಕು ವರ್ಷವಾಗಿದ್ದಾಗ. ಅದರಲ್ಲಿ ಹೀಗಿದೆ: ಆ ವರ್ಷದ ಇಪ್ಪತ್ತೈದು ಚನ್ನಗಿರಿಗೆ. ಮೂವತ್ತೆಂಟರದ್ದು ಜಗಳೂರಿಗೆ. ಮೂವತ್ತೊಂಬತ್ತರದ್ದು ನ್ಯಾಮತಿಗೆ. ನಲವತ್ತರದ್ದು ನಮಗೆ ಬರಬೇಕಿತ್ತು. ಅವ್ವ ಹೊಸ ಸೀರೆ ತೆಗೆದಿಟ್ಟು, ಜಗಲಿಗೆ ಸುಣ್ಣ ಬಳಿಸಿ ಕಾದಳು. ಉಪದೇಶಿಗಳು ಇಪ್ಪತ್ತನಾಲ್ಕರ ಸಂಜೆಯೇ ಬಂದು, ಜಗಳೂರಿನಲ್ಲಿ ಹಿರಿಯರೊಬ್ಬರು ಸಾಯುವ ಸ್ಥಿತಿಯಲ್ಲಿದ್ದಾರೆ, ಬೆಳಗಾದರೆ ಅಲ್ಲಿಗೆ ಹೋಗಬೇಕು ಎಂದರು.

"ಹೋಗಿಬರ್ರಿ. ಸಾಯೋರಿಗಿಂತ ನಮ್ಮ ಸರದಿ ದೊಡ್ಡದೇನಲ್ಲ" ಎಂದಳು ಅವ್ವ.

ಆ ಸೀರೆ ಮಡಿಕೆ ಬಿಚ್ಚದೆ ಪೆಟ್ಟಿಗೆಗೆ ಹೋಯಿತು. ನಾನು ದಿನಚರಿಯಲ್ಲಿ ಆ ಸಾಲಿನ ಮುಂದೆ ಒಂದು ಪ್ರಶ್ನೆಚಿಹ್ನೆ ಹಾಕಿದೆ. ಜಗಳೂರಿನ ಬಸ್ಸು ಬೆಳಕಾಗದೆ ಹೊರಡುವುದಿಲ್ಲ. ಅವರು ಬೆಳಕು ಹರಿಯುವ ಮೊದಲೇ ಸೈಕಲ್ ಹತ್ತಿದ್ದರು.

ಮರುವರ್ಷ ಮನೆಯ ಸ್ಥಿತಿಯೇ ಬದಲಾಗಿತ್ತು. ಅಕ್ಕನಿಗೆ ಬೇಸಿಗೆಯಲ್ಲಿ ಚನ್ನಗಿರಿಗೆ ಮದುವೆಯಾಗಿತ್ತು. ಅಣ್ಣನಿಗೆ ಜೂನ್‌ನಲ್ಲಿ ಜಗಳೂರಿನ ಶಾಲೆಗೆ ವರ್ಗವಾಗಿತ್ತು. ಇಬ್ಬರೂ ಹಬ್ಬಕ್ಕೆ ಬರಲಾಗುವುದಿಲ್ಲವೆಂದು ಬರೆದಿದ್ದರು. ಆದರೆ ಇಬ್ಬರಿಗೂ ಕಡೆಯ ಗಳಿಗೆಯಲ್ಲಿ ಅನುಕೂಲವಾಗಿ, ಇಪ್ಪತ್ತನಾಲ್ಕು, ಬುಧವಾರ, ಮಧ್ಯಾಹ್ನ ಒಂದೂವರೆಯ ಹೊತ್ತಿಗೆ ಮೂವರು ಮಕ್ಕಳೂ ಅವ್ವನ ಒಲೆಯ ಮುಂದೆ ಇದ್ದೆವು. ಅವ್ವ ಕಜ್ಜಾಯ ಬಿಡುತ್ತಿದ್ದಳು. ಅಕ್ಕ ಎಣ್ಣೆ ಒತ್ತುತ್ತಿದ್ದಳು. ಅಣ್ಣ ಒತ್ತಿದ್ದನ್ನು ತಿನ್ನುತ್ತಿದ್ದ. ನಾನು ಎಷ್ಟಾಯಿತೆಂದು ಬರೆಯುತ್ತಿದ್ದೆ.

"ಎಣಿಸವ್ವ, ಎಣಿಸು. ನಾ ತಿಂದಿದ್ದೂ ಬರಕೋ" ಎಂದ ಅಣ್ಣ. "ಈ ಮನೇಲಿ ಒಬ್ಳು ಅಮಲ್ದಾರಳು ಹುಟ್ಟಿ ನಮ್ಮ ಹೊಟ್ಟೆಗೆ ಮಣ್ಣು ಬಿತ್ತು."

"ಏಳು ತಿಂದಿದೀಯ."

"ಜಗಳೂರಾಗೆ ಯಾರು ಮಾಡಿಕೊಡ್ತಾರೆ ನಂಗೆ? ಪಾಪ, ಆ ಊರಿಗೆ ಈ ಸಲ ಇಪ್ಪತ್ತೈದು ಸಿಗಲಿಲ್ಲ. ನ್ಯಾಮತಿಗೆ ಹೋತು."

ಅಕ್ಕನ ಕೈ ನಿಂತಿತು. "ನ್ಯಾಮತಿಗಾ? ನಿನ್ನೆ ನಮ್ಮ ಚನ್ನಗಿರೀಲಿ ಉಪದೇಶಿಗಳು ಹೇಳಿದ್ದು, ಈ ವರ್ಷ ಜಗಳೂರಿಗೆ ಅಂತ."

"ಭಾನುವಾರ ಜಗಳೂರಿಗೆ ಬಂದು ಆರಾಧನೆ ಮುಗಿಸಿಯೇ ಹೋದ್ರಲ್ಲೇ! ಮತ್ತೆ ಯಾಕೆ ಬರ್ತಾರೆ?"

"ಹೋದ ವರ್ಷ ಬಂದಿದ್ರಲ್ಲ, ಯಾರೋ ಸಾಯಂಗಿದ್ರು ಅಂತ" ಎಂದೆ ನಾನು.

ಅಣ್ಣ ಕಜ್ಜಾಯ ಕೆಳಗಿಟ್ಟ. ಜಗಳೂರಿನಲ್ಲಿ ಇರುವುದೇ ನಾಲ್ಕು ಮನೆ. ಎರಡು ವರ್ಷದಿಂದ ಅಲ್ಲಿ ಯಾರೂ ಸತ್ತಿಲ್ಲ, ಸಾಯುವ ಹಾಗೂ ಆಗಿಲ್ಲ ಎಂದ. ನಾನು ಒಳಗೆ ಹೋಗಿ ಐದೂ ದಿನಚರಿಗಳನ್ನು ತಂದೆ. ಅಕ್ಕ ತನ್ನ ಅತ್ತೆ ಮನೆಯವರು ಹೇಳಿದ್ದನ್ನು ನೆನಪಿಸಿಕೊಂಡಳು. ಅಣ್ಣ ಜಗಳೂರಿನವರ ಗೊಣಗಾಟವನ್ನು ನೆನಪಿಸಿಕೊಂಡ. ಒಂದು ಗಂಟೆಯೊಳಗೆ ಲೆಕ್ಕ ಸಿಕ್ಕಿತು. ಐದು ವರ್ಷದಲ್ಲಿ ಚನ್ನಗಿರಿಗಾಗಲಿ ಜಗಳೂರಿಗಾಗಲಿ ನಮಗಾಗಲಿ ಇಪ್ಪತ್ತೈದು ಒಮ್ಮೆಯೂ ಸಿಕ್ಕಿರಲಿಲ್ಲ. ಪ್ರತಿ ಊರಿನವರೂ ಅದು ಪಕ್ಕದ ಊರಿಗೆ ಹೋಯಿತೆಂದು ಹೊಟ್ಟೆ ಉರಿಸಿಕೊಂಡು ಸುಮ್ಮನಿದ್ದರು.

ಉಳಿದದ್ದು ಎರಡೇ ಮನೆಯ ನ್ಯಾಮತಿ, ಐದೂ ವರ್ಷ ಅಲ್ಲಿಗೇ ಹೋಗಿರಲಾರರು. ಹಾಗಾದರೆ ಆ ದಿನ ಅವರು ಎಲ್ಲಿರುತ್ತಾರೆ?

"ಎಲ್ಲೋ ಒಂದು ಸಂಸಾರ ಐತೆ" ಎಂದ ಅಣ್ಣ. ಅಪ್ಪ ದವಾಖಾನೆಯಲ್ಲಿ ಕಾಂಪೌಂಡರ್, ನಮ್ಮ ಸಭೆಯ ಹಿರಿಯರೂ ಅವರೇ. ಅವರು ಬಂದು ಎಲ್ಲ ಕೇಳಿ, ಮನುಷ್ಯ ಹಳೆಯ ದೇವರ ಕಡೆಗೆ ತಿರುಗಿರಬಹುದು, ಆ ಒಂದು ದಿನ ಯಾವುದೋ ಪೂಜೆ ಇರಬಹುದು ಎಂದರು. ನಾನು ಎರಡನ್ನೂ ಬರೆದುಕೊಂಡೆ. ಅವ್ವ ಮಾತ್ರ ಹಿಟ್ಟು ತಟ್ಟುತ್ತಲೇ ಇದ್ದಳು.

ಸಂಜೆ ಆರೂ ಹತ್ತಕ್ಕೆ ದೀಪದ ವಾಸನೆ ಬಂತು. ಸೈಕಲ್ ಒರಗಿಸಿ ಒಳಗೆ ಕಾಲಿಟ್ಟ ಉಪದೇಶಿಗಳು ಅಣ್ಣನನ್ನು ನೋಡಿದರು, ಆಮೇಲೆ ಅಕ್ಕನನ್ನು. ಕೋಟಿನ ಮೇಲಿನ ಗುಂಡಿಗೆ ಹೋದ ಕೈ ಅಲ್ಲೇ ಉಳಿಯಿತು...

ಆರಾಧನೆ ನಡೆಯಿತು. ಉಳಿದ ನಾಲ್ಕು ಮನೆಯವರ ಮುಂದೆ ಅಪ್ಪ ಏನೂ ಕೇಳಲಿಲ್ಲ. ಅವರೆಲ್ಲ ಹೋದ ಮೇಲೆ, ಊಟಕ್ಕೆ ಕೂತಾಗ, ಅವ್ವನೇ ಮೊದಲು ಮಾತಾಡಿದಳು.

"ಈ ವರ್ಷ ಮೂರೂ ಮಕ್ಕಳು ಮನೇಲಿ ಅದಾವೆ. ನಾಳೆ ಒಂದು ದಿನ ಉಳೀರಿ. ಮುಂದೆ ಹಿಂಗೆ ಸೇರ್ತಾವೋ ಇಲ್ಲೋ."

"ಆಗಲ್ಲವ್ವ."

"ನಾಳೆ ಯಾವ ಊರು?" ಎಂದು ಕೇಳಿದ ಅಣ್ಣ.

ಉಪದೇಶಿಗಳು ಅನ್ನ ಕಲಸುವುದನ್ನು ನಿಲ್ಲಿಸಿದರು. "ಊರಲ್ಲಪ್ಪ. ಒಂದು ಮನೆಗೆ ಹೋಗಾಕೆ ಐತೆ."

"ಯಾರ ಮನೆ?"

"ಅದು ನಾನು ಹೇಳೋ ಮಾತಲ್ಲ."

"ನಾಲ್ಕೂರಿಗೆ ಸುಳ್ಳು ಹೇಳೀರಿ" ಎಂದರು ಅಪ್ಪ. ಅಪ್ಪನ ಧ್ವನಿ ಏರಲಿಲ್ಲ. "ಈ ಮನೆಗೆ ಒಂದು ನಿಜ ಹೇಳಾಕೆ ಆಗಲ್ವೇನ್ರಿ? ಹೇಳಿಬಿಟ್ರೆ ಇಲ್ಲಿಗೇ ಮುಗೀತದೆ. ಇಲ್ಲಾಂದ್ರೆ ನಾನು ಪಾದ್ರಿಗಳಿಗೆ ಬರೀಬೇಕಾಗ್ತದೆ. ನಿಮ್ಮ ಕೆಲಸ ಉಳಿಯಲ್ಲ."

"ಬರೀರಿ. ನೀವು ಬರೆಯೋದು ಸರಿಯೇ ಐತೆ."

ಅಷ್ಟೇ. ಬೇಡಿಕೊಳ್ಳಲಿಲ್ಲ, ಸಿಟ್ಟಾಗಲಿಲ್ಲ. ತಪ್ಪು ಮಾಡದವನಾಗಿದ್ದರೆ ಹೇಳುತ್ತಿದ್ದ ಎಂದು ನಮಗೆ ಅದರಿಂದಲೇ ಖಾತ್ರಿಯಾಯಿತು. ಎಲೆ ಎತ್ತಿದ ಮೇಲೆ ಅವ್ವ ಪ್ರತಿ ವರ್ಷದಂತೆ ದಾರಿಗೆ ಬುತ್ತಿ ಕಟ್ಟಿಟ್ಟಳು. ಅಣ್ಣ ಹಲ್ಲು ಕಚ್ಚಿ ನೋಡಿದ. ಅವ್ವ ಅವನ ಕಡೆ ತಿರುಗಲಿಲ್ಲ.

ಬೆಳಿಗ್ಗೆ ನಾಲ್ಕೂಮುಕ್ಕಾಲಕ್ಕೆ ಸೈಕಲ್ ಇಳಿಸಿದ ಸದ್ದು ನನಗೆ ಕೇಳಿತು. ಬೆಳಕಾದ ಮೇಲೆ ಹೊರಗೆ ಬಂದರೆ ದೀಪ ಜಗಲಿಯ ಮೇಲೆಯೇ ಇತ್ತು. ಮರೆತರು ಎಂದಳು ಅಕ್ಕ. ಬೆಳಕು ಕಂಡರೆ ಯಾವ ಕಡೆ ಹೋದರೆಂದು ನಮಗೆ ಗೊತ್ತಾಗುತ್ತದೆ, ಅದಕ್ಕೇ ಬಿಟ್ಟುಹೋದರು ಎಂದೆ ನಾನು. ಆದರೆ ಧೂಳಿನಲ್ಲಿ ಗಾಲಿಯ ಗುರುತು ಇತ್ತು. ಅದು ಚನ್ನಗಿರಿ, ಜಗಳೂರಿಗೆ ಹೋಗುವ ಹೊಳೆಯ ಕಡೆಗೆ ತಿರುಗಿರಲಿಲ್ಲ. ನ್ಯಾಮತಿಯ ರಸ್ತೆ ಹಿಡಿದಿತ್ತು.

ಶನಿವಾರ ಅಣ್ಣನೂ ನಾನೂ ನ್ಯಾಮತಿಗೆ ಹೋದೆವು. ಅಲ್ಲಿನ ಎರಡು ಮನೆಗಳಲ್ಲಿ ಒಂದು, ಕೆಲಸದಿಂದ ನಿವೃತ್ತರಾಗಿದ್ದ ನರ್ಸಮ್ಮನದು. ಅವರು ಕಾಫಿ ಕೊಡುತ್ತ ನಮ್ಮನ್ನೇ ಕೇಳಿದರು.

"ನಿನ್ನೆ ಬಂದು ಹೋದ್ರಪ್ಪ. ಇಪ್ಪತ್ತೈದು ನಿಮ್ಮೂರಿಗೆ ಅಂದ್ರು. ಹೆಂಗಿತ್ತು, ಭಾರಿ ಆಯ್ತೇನು?"

ಆ ಮನೆಗಳಿಗೂ ಒಮ್ಮೆಯೂ ಆ ದಿನ ಸಿಕ್ಕಿರಲಿಲ್ಲ. ವಾಪಸ್ಸು ಬರುವಾಗ ಅಣ್ಣ ದಾರಿಯಲ್ಲಿ ಕಂಡ ಕವಲು ರಸ್ತೆಗಳನ್ನೆಲ್ಲ ಎಣಿಸಲು ಹೇಳಿದ. ಒಂದು ಸವಳಂಗದ ಕಡೆ, ಒಂದು ಸೂರಗೊಂಡನಕೊಪ್ಪದ ಕಡೆ, ಗಾಡಿಜಾಡುಗಳು ಒಂಬತ್ತು. ಹನ್ನೊಂದರಲ್ಲಿ ಯಾವುದು...

ಜನವರಿಯಲ್ಲಿ ಅಪ್ಪ ಕಾಗದ ಬರೆದರು. ಐದು ವರ್ಷದ ತಾರೀಖುಗಳನ್ನು ನಾನೇ ಅಂದವಾಗಿ ಪಟ್ಟಿ ಮಾಡಿಕೊಟ್ಟೆ. ಪಾದ್ರಿಗಳು ಕರೆಸಿ ಕೇಳಿದರಂತೆ. ಅಲ್ಲಿಯೂ ಅವರು ಹೇಳಲಿಲ್ಲವಂತೆ. ಮಾರ್ಚ್‌ನಲ್ಲಿ ಹೊಸ ಉಪದೇಶಿ ಬಂದರು. ಆ ವರ್ಷದ ಇಪ್ಪತ್ತೈದು ಚನ್ನಗಿರಿಗೆ ಹೋಯಿತು. ಅಲ್ಲಿ ಮನೆಗಳು ಹೆಚ್ಚು. ನಮಗೆ ಇಪ್ಪತ್ತೆರಡು ಬಂತು. ಈಗಲೂ ಹೆಚ್ಚುಕಡಿಮೆ ಹಾಗೆಯೇ. ಹಳೆಯ ಉಪದೇಶಿಗಳು ದೀಪ ಕೇಳಿಕೊಂಡು ಬರಲಿಲ್ಲ.

ಇವತ್ತು ವಾಸನೆ ಅಡಗಿದ ಮೇಲೆ ನಾನು ಆ ಐದು ದಿನಚರಿಗಳನ್ನು ಮತ್ತೆ ತೆಗೆದೆ. ತಾರೀಖಿನ ಪಕ್ಕದಲ್ಲಿ, ಕಾಗದಕ್ಕೆ ಬೇಡವೆಂದು ನಾನು ಬಿಟ್ಟಿದ್ದ ಇನ್ನೊಂದು ಸಾಲು ಇದೆ. ಕಟ್ಟಿಕೊಟ್ಟ ತಿಂಡಿಯ ಲೆಕ್ಕ.

ಮೂವತ್ತೇಳು: ಕಜ್ಜಾಯ ಹನ್ನೆರಡು. ಚಕ್ಕುಲಿ ಬೇಡವೆಂದರು. ಮೂವತ್ತೆಂಟು: ಕಜ್ಜಾಯ ಹನ್ನೆರಡು, ಮೆತ್ತಗಿರುವವೇ ಬೇಕೆಂದರು. ಚಕ್ಕುಲಿ ಇಲ್ಲ. ಮೂವತ್ತೊಂಬತ್ತು, ನಲವತ್ತು, ಹಾಗೆಯೇ. ನಲವತ್ತೊಂದರಲ್ಲಿ ಅವರು ಏನೂ ಕೇಳಲಿಲ್ಲ. ಆದರೂ ಕಜ್ಜಾಯ ಹನ್ನೆರಡು, ಚಕ್ಕುಲಿ ಇಲ್ಲ. ನಮ್ಮ ಜಗಲಿಯಲ್ಲಿ ಕೂತು ಚಕ್ಕುಲಿಯನ್ನು ಕಟಕಟ ಕಡಿದು ತಿನ್ನುತ್ತಿದ್ದವರು ಅವರು. ಅವರ ಹಲ್ಲು ಕಬ್ಬು ಸಿಗಿಯುವಂಥದು.

ದಿನಚರಿ ಹಿಡಿದು ಅಡುಗೆಮನೆಗೆ ಹೋದೆ. ಅವ್ವ ಕಜ್ಜಾಯದ ಪಾಕ ನೋಡುತ್ತಿದ್ದಳು.

"ಅವ್ವ, ಹಲ್ಲಿಲ್ಲದೋರಿಗೆ ಒಯ್ತಿದ್ರು, ಅಲ್ಲಾ?"

"ಹೂಂ."

"ನಿನಗೆ ಯಾವಾಗ ಗೊತ್ತಾತು?"

"ಎರಡನೇ ವರ್ಷ. ಬಾಣಲೆಯಿಂದ ತೆಗೆಯೋ ಕಡೀ ಒಬ್ಬೆಯವು ಮೆತ್ತಗಿರ್ತಾವೆ, ಅವನ್ನ ತೆಗೆದಿಡ್ತಿದ್ದೆ."

"ಹೇಳಬಾರದಿತ್ತಾ ಆವತ್ತು?"

ಅವ್ವ ಪಾಕದಿಂದ ಕಣ್ಣು ತೆಗೆಯಲಿಲ್ಲ. "ಯಾರು ಅಂತ ನನಗೂ ಗೊತ್ತಿರಲಿಲ್ಲ ಕಣೆ. ಹೇಳೋರಾಗಿದ್ರೆ ಅವರೇ ಹೇಳ್ತಿದ್ರು. ನಾ ಹೇಳಿದ್ರೆ ನಿಮ್ಮಣ್ಣ ಹಲ್ಲಿಲ್ಲದ ಮುದುಕೀನ ಹುಡುಕಾಕೆ ಹಳ್ಳಿ ಹಳ್ಳಿ ತಿರುಗ್ತಿದ್ದ."

ತಿರುಗುತ್ತಿದ್ದ, ನಿಜ. ನಾನೂ ಜೊತೆಗೆ ಹೋಗುತ್ತಿದ್ದೆ, ಪೆನ್ಸಿಲ್ ಹಿಡಿದುಕೊಂಡು.

ನನ್ನ ಅನುಮಾನ ಪೂರ್ತಿ ಹೋಗಿಲ್ಲ ಎಂದೂ ಬರೆಯಬೇಕು. ಸುಳ್ಳು ಸುಳ್ಳೇ. ನಾಲ್ಕು ಊರಿನವರು ಐದು ವರ್ಷ ಒಬ್ಬರ ಮೇಲೊಬ್ಬರು ಹಲ್ಲು ಮಸೆದರು. ಅವ್ವನ ಸೀರೆ ಮಡಿಕೆಯಲ್ಲೇ ಹರಿಯಿತು. ಹಲ್ಲಿಲ್ಲದವರೆಂದರೆ ಕೂಸೂ ಆಗಬಹುದು, ಅಣ್ಣ ಹೇಳಿದ ಸಂಸಾರವೇ ಇದ್ದಿರಬಹುದು ಎಂದು ಈಗ ಕೂತು ಯೋಚಿಸಿದೆ. ಆದರೆ ಕೂಸಾಗಿದ್ದರೆ ಮೂರನೆಯ ವರ್ಷಕ್ಕೆ ಚಕ್ಕುಲಿ ಕೇಳಬೇಕಿತ್ತು. ಐದು ವರ್ಷವೂ ಮೆತ್ತನೆಯವೇ. ಹನ್ನೆರಡೇ. ಹಾಗಾದರೆ ವಯಸ್ಸಾದವರು, ಬಹುಶಃ ಒಬ್ಬರೇ, ಮಗ ನಮ್ಮ ಸಭೆಗೆ ಸೇರಿದವನೆಂದು ಊರಿಗೆ ಹೇಳಿಕೊಳ್ಳಲಾಗದವರು... ಇಲ್ಲ, ಇದನ್ನು ನಾನು ನೋಡಿಲ್ಲ. ನೋಡದ್ದನ್ನು ಒಮ್ಮೆ ಬರೆದು ಆಗಿದೆ.

ನಲವತ್ತೆರಡರ ಇಪ್ಪತ್ತೈದಕ್ಕೆ ಆ ಮನೆಗೆ ಬುತ್ತಿ ಹೋಯಿತೋ ಇಲ್ಲವೋ, ಯಾವ ಪುಟದಲ್ಲೂ ಇಲ್ಲ.

ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ರಸ್ತೆಯ ಎರಡೂ ಮಗ್ಗುಲಿನ ಹಳ್ಳಿಗಳವರು ಯಾರಾದರೂ ಇದನ್ನು ಓದಿದರೆ ಒಂದು ಮಾತು. ಮೂವತ್ತೇಳರಿಂದ ನಲವತ್ತೊಂದರವರೆಗೆ, ಡಿಸೆಂಬರ್ ಇಪ್ಪತ್ತೈದರ ಬೆಳಿಗ್ಗೆ, ಕುತ್ತಿಗೆ ಮುಚ್ಚಿದ ಕಂದು ಕೋಟಿನ ಒಬ್ಬರು ಸೈಕಲ್ಲಿನಲ್ಲಿ ಬಟ್ಟೆಗಂಟು ಕಟ್ಟಿಕೊಂಡು ನಿಮ್ಮ ಊರಿನ ಯಾವುದಾದರೂ ಮನೆಗೆ ಬರುತ್ತಿದ್ದರೇ? ಆಮೇಲೆ ಅವರು ಏನಾದರು? ಗೊತ್ತಿದ್ದವರು ಈ ಪತ್ರಿಕೆಗೆ ಒಂದು ಕಾರ್ಡು ಬರೆದರೆ ನನಗೆ ಮುಟ್ಟುತ್ತದೆ. ಆ ಮನೆ ಯಾರದೆಂದು ಹೇಳುವುದು ಬೇಡವೆನಿಸಿದರೆ ಬಿಡಿ. ಅಲ್ಲಿ ಇನ್ನೂ ಯಾರಾದರೂ ಇದ್ದಾರೆಯೇ, ಅಷ್ಟು ತಿಳಿಸಿ. ದೀಪ ಉರಿಯುತ್ತದೆ. ಅವ್ವ ಈ ಸಲವೂ ಕಡೆಯ ಒಬ್ಬೆಯಿಂದ ಹನ್ನೆರಡು ತೆಗೆದಿಡುತ್ತೇನೆ ಎನ್ನುತ್ತಿದ್ದಾಳೆ.