ಅತ್ತೆಯ ಕರಾಟೆ ಪಿಕ್ಚರುಗಳು

ಮೊನ್ನೆ ಲಿಫ್ಟಿನಲ್ಲಿ ಯಾರೋ ಹಚ್ಚಿಕೊಂಡು ಹೋಗಿದ್ದ ಕೊಲೋನಿನ ವಾಸನೆ ಮೂಗಿಗೆ ಬಡಿಯಿತು. ನನ್ನ ಮಹಡಿ ಬಂದು ಬಾಗಿಲು ತೆರೆದರೂ ಇಳಿಯಲು ಮರೆತೆ. ನಿಮಗೂ ಹೀಗೆ ಆಗಿರಬಹುದು, ಒಂದು ವಾಸನೆಗೆ ಇಡೀ ಮನೆಯೇ ಎದ್ದು ಬರುವುದು. ಮಣ್ಣಗುಡ್ಡದ ಹಂಚಿನ ಮನೆಯಲ್ಲಿ ನನ್ನ ಅತ್ತೆ, ಅಂದರೆ ಅಮ್ಮನ ಅಣ್ಣನ ಹೆಂಡತಿ, ಇದೇ ಕೊಲೋನನ್ನು ಬಿಳಿ ಬಟ್ಟೆಗೆ ಹನಿಸಿ ಕ್ಯಾಸೆಟ್ಟು ಓಡಿಸುವ ವಿಸಿಆರಿನ ಹೆಡ್ ಒರೆಸುತ್ತಿದ್ದಳು. ಮಾವ ಗಲ್ಫಿನಿಂದ ಅದನ್ನು ತಂದದ್ದು ಅವಳಿಗೆಂದು. "ನಾನು ಘಮಘಮ ಅಂದ್ರೆ ಮೂಸ್ಲಿಕ್ಕೆ ಯಾರುಂಟು ಇಲ್ಲಿ?" ಎಂದು ನಗುತ್ತಿದ್ದಳು.

ಎಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪ ಅಮ್ಮ ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಿದ್ದರು. ಹುಡುಗಿ ಹೋಟೆಲಿನ ಅಟ್ಟದಲ್ಲಿ ಬೆಳೆಯುವುದು ಬೇಡವೆಂದು ನನ್ನನ್ನು ಮಕ್ಕಳಿಲ್ಲದ ಅತ್ತೆಯ ಬಳಿ ಬಿಟ್ಟಿದ್ದರು. ಮಾವ ಎರಡು ವರ್ಷಕ್ಕೊಮ್ಮೆ ಬರುವವರು. ಹೀಗೆ ಆ ಮನೆಯಲ್ಲಿ ಇದ್ದ ಇಬ್ಬರೂ ಕಾಯುವವರೇ. ಊರಿಗೆ ಟಿವಿ ಕಾರ್ಯಕ್ರಮ ಇನ್ನೂ ಬಾರದ ಕಾಲ. ಮಾವ ತಂದ ಕರಾಟೆ ಪಿಕ್ಚರಿನ ಕ್ಯಾಸೆಟ್ಟು ಹಾಕುವುದು ಬಿಟ್ಟರೆ ನಮ್ಮ ಟಿವಿಗೆ ಬೇರೆ ಕೆಲಸವಿರಲಿಲ್ಲ. ಮಾತು ಚೀನೀ, ಅಡಿಯಲ್ಲಿ ಓಡುವ ಅಕ್ಷರ ಅರಬ್ಬಿ, ನಮಗೆ ಎರಡೂ ಬಾರದು. ಅಗ್ಗದ ಪಿಕ್ಚರುಗಳೆಂದು ನನಗೂ ತಿಳಿಯುತ್ತಿತ್ತು. ಎಲ್ಲದರಲ್ಲೂ ಅದೇ ಅಂಗಳ, ಅದೇ ಅಂಟಿಸಿದ ಬಿಳಿ ಗಡ್ಡ. ಏಟು ಬಿದ್ದು ಸ್ವಲ್ಪ ಹೊತ್ತಾದ ಮೇಲೆ ಅದರ ಸದ್ದು. ಆಗಲೇ ಸತ್ತವನು ಬೇರೆ ಅಂಗಿ ತೊಟ್ಟು ಮತ್ತೆ ಹೊಡೆದಾಟಕ್ಕೆ ಹಾಜರು! ಆದರೂ ಶಾಲೆ ಬಿಟ್ಟು ಬಂದವಳು ನೋಡಿದ್ದನ್ನೇ ನೋಡುತ್ತಿದ್ದೆ. ಅನ್ಯಾಯವಾದವನು ಯಾರಿಗೂ ಕಾಯದೆ, ಬರಿಗೈಯಲ್ಲೇ ಹೋಗಿ ಸೇಡು ತೀರಿಸಿಕೊಳ್ಳುತ್ತಿದ್ದ. ಕಾಯುವುದೇ ಕೆಲಸವಾಗಿದ್ದ ನಮಗೆ ಅದು ಎಷ್ಟು ಹಿತವಾಗಿತ್ತೆಂದು ಈಗ ಅನಿಸುತ್ತದೆ.

ಮಾತುಗಳನ್ನು ಅತ್ತೆಯೇ ಹಾಕುತ್ತಿದ್ದಳು, ತುಳುವಿನಲ್ಲಿ. ಮಡಿಲಲ್ಲಿ ಮಲ್ಲಿಗೆ ಮೊಗ್ಗು ಹರಡಿಕೊಂಡು ಬಾಳೆನಾರಿನಲ್ಲಿ ಕಟ್ಟುತ್ತ, ಗುರುವಿಗೆ ಗೊಗ್ಗರು ದನಿ, ಖಳನಿಗೆ ಮೂಗಿನ ದನಿ. ಗುರು ಶಿಷ್ಯನ ಮೇಲೆ ಹಾರಿಬಿದ್ದರೆ, "ಮೀನು ತಾ ಅಂದ್ರೆ ಎಲ್ಲಿ ಸತ್ತಿದ್ದೆ ಮಾರಾಯ?" ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಒಂದು ಪಿಕ್ಚರಿನ ಕೊನೆಯಲ್ಲಿ ನಾಯಕ ಊರು ಬಿಟ್ಟು ಹೊರಡುತ್ತಾನೆ. ಬಾಗಿಲಲ್ಲಿ ಹೆಂಗಸೊಬ್ಬಳು ನಿಂತು ಏನೋ ಕೇಳುತ್ತಾಳೆ, ಅವನು ತಿರುಗಿ ನೋಡುತ್ತಾನೆ. ಆಗ ಅತ್ತೆ ಹೂ ಕೆಳಗಿಟ್ಟು ಅವನ ಮಾತೆಂದು ಮೆಲ್ಲಗೆ ಹೇಳುತ್ತಿದ್ದಳು: "ಪೋದು ಬರ್ಪೆ." ಹೋಗಿ ಬರುತ್ತೇನೆ. ನಮ್ಮಲ್ಲಿ ಮನೆಯಿಂದ ಹೊರಡುವವರು ಬರೀ ಹೋಗುತ್ತೇನೆ ಎನ್ನುವಂತಿಲ್ಲ. ಹಾಗೆಂದವರನ್ನು ಮೆಟ್ಟಿಲಿನಿಂದ ವಾಪಸು ಕರೆದು ಸರಿಯಾಗಿ ಹೇಳಿಸುತ್ತಾರೆ.

ಮಾವ ಕೊನೆಯ ಸಲ ಹೊರಟಾಗ ಬಾಡಿಗೆ ಕಾರು ಹಾರ್ನ್ ಹೊಡೆಯುತ್ತಿತ್ತು. "ಹೊರಟೆ" ಎಂದವರೇ ಪೆಟ್ಟಿಗೆ ಎತ್ತಿಕೊಂಡರು. ಅತ್ತೆ ಗೇಟಿನವರೆಗೆ ಓಡಿ, "ಹಾಗೆ ಹೇಳ್ಬಾರ್ದು, ಸರಿಯಾಗಿ ಹೇಳಿ ಹೋಗಿ" ಎಂದಳು. ಅವರು ಕಾರಿನೊಳಗಿಂದ ಕೈ ಬೀಸಿದರು, ಅಷ್ಟೆ. ಆಮೇಲೆ ಅವರು ಬರಲಿಲ್ಲ. ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದಾರೆಂದು ಬಿಜೈಯ ನೆಂಟರೊಬ್ಬರು ಬಂದು ಹೇಳಿದರು. ಅತ್ತೆ ಅವರಿಗೆ ಚಾ ಮಾಡಿ ಕೊಟ್ಟು ಕಳಿಸಿದಳು. ಸಂಜೆ ಕೊಲೋನ್ ಹನಿಸಿ ಹೆಡ್ ಒರೆಸಿ, "ಅದೇ ಪಿಕ್ಚರು ಹಾಕು ಮಗಾ" ಎಂದಳು. ಅಂದು ಗುರುವಿಗೂ ಮಾತಿಲ್ಲ, ಖಳನಿಗೂ ಇಲ್ಲ. ಕೊನೆಯಲ್ಲಿ ಮಾತ್ರ, "ಪೋದು ಬರ್ಪೆ."

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಆ ಮನೆಯ ಜಾಗದಲ್ಲಿ ಈಗ ಫ್ಲಾಟುಗಳು. ಲಿಫ್ಟಿನಿಂದ ಬಂದವಳು ಆ ರಾತ್ರಿ ಮೊಬೈಲಿನಲ್ಲಿ ಹುಡುಕಿ ಅದೇ ಪಿಕ್ಚರು ಹಾಕಿದೆ. ಈ ಸಲ ಅಡಿಯಲ್ಲಿ ನಾನು ಓದಬಲ್ಲ ಅಕ್ಷರಗಳು. ಬಾಗಿಲಲ್ಲಿ ನಿಂತವಳು ಕೇಳಿದಳು, ಯಾವಾಗ ಬರುತ್ತೀ ಎಂದು. ಅವನು ತಿರುಗಿದ. ನಾನು ಕಾದೆ. ಅಕ್ಷರ ಬರಲಿಲ್ಲ. ಅವನ ತುಟಿಯೇ ಅಲುಗುವುದಿಲ್ಲ. ಸುಮ್ಮನೆ ನೋಡುತ್ತಾನೆ, ಹೋಗುತ್ತಾನೆ. ಅಷ್ಟು ಸಲ ಕಣ್ಣು ಮಿಟುಕಿಸದೆ ನೋಡಿದವಳು ನಾನು. ನನಗೆ ಇದು ಕಂಡಿರಲಿಲ್ಲ, ಹೂ ಕಟ್ಟುತ್ತ ಕೂತವಳಿಗೆ ಕಂಡಿತ್ತು.

ಪಿಕ್ಚರನ್ನು ಹಿಂದಕ್ಕೆ ಓಡಿಸಿದೆ. ಅವನು ಮತ್ತೆ ತಿರುಗಿದಾಗ, ಯಾರೂ ಇಲ್ಲದ ಮನೆಯಲ್ಲಿ, ಅವನ ಪರವಾಗಿ ನಾನೇ ಹೇಳಿದೆ.