ಮೈಕಿಗೆ ಒಗ್ಗದ ದನಿ

ರೇಷ್ಮಾ, ನಿನ್ನ ದನಿ ಮೈಕಿಗೆ ಒಗ್ಗಲಿಲ್ಲ ಎಂದಿದ್ದೆನಲ್ಲ, ಅದು ಸುಳ್ಳು. ನಮ್ಮ ಆಟದಿಂದ ನಿನ್ನ ದನಿಯನ್ನು ಬೇಕೆಂದೇ ತೆಗೆದವಳು ನಾನು. ಇಷ್ಟು ಬರೆಯಲು ನನಗೆ ಆರು ವರ್ಷ ಬೇಕಾಯಿತು.

ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟು. ಕಳೆದುಹೋದ ಮೇಕೆಯನ್ನು ಹುಡುಕುವ ಹುಡುಗಿಯ ವಿಡಿಯೊ ಗೇಮ್. ನಮಗಿದ್ದದ್ದು ಮೂರೇ ವಾರ, ಬಿಸಿಯಾದರೆ ನಿಂತುಬಿಡುವ ಒಂದು ಲ್ಯಾಪ್‌ಟಾಪು, ಬೇಡಿ ತಂದ ಮೈಕು. ಸ್ಟುಡಿಯೊಗೆ ಕೊಡಲು ದುಡ್ಡೆಲ್ಲಿತ್ತು? ದಾರಿ ಕಂಡುಹಿಡಿದವಳು ನೀನೇ. "ನಮ್ ಗಾದಿ ಅಂಗ್ಡಿಗೆ ಬಾರೇ. ಹತ್ತಿ ಮಧ್ಯೆ ಕುಂತ್ರೆ ಹೊರಗಿನ ಗದ್ಲ ಒಂಚೂರೂ ಕೇಳಾದಿಲ್ಲ."

ಚನ್ನಗಿರಿಯ ಆ ಅಂಗಡಿಯಲ್ಲಿ ನಿಮ್ಮಪ್ಪ ನಮಗಾಗಿ ಹತ್ತಿ ಹಿಂಜುವ ಯಂತ್ರ ನಿಲ್ಲಿಸಿ, ಇಡೀ ಮಧ್ಯಾಹ್ನ ಹೊರಗೆ ಕಟ್ಟೆಯ ಮೇಲೆ ಕೂತರು. ಗಿರಾಕಿ ಬಂದರೆ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಾಗಿಸುತ್ತಿದ್ದರು. ನೀನು ಹತ್ತಿ ಮೂಟೆಗಳ ನಡುವೆ ಬೆವರುತ್ತ, ಮೂಗಿಗಂಟಿದ ಎಳೆಯನ್ನು ಉಫ್ ಎಂದು ಊದಿಕೊಳ್ಳುತ್ತ ಆ ಹುಡುಗಿಯ ನಲವತ್ತು ಮಾತನ್ನೂ ಹೇಳಿ ಮುಗಿಸಿದೆ. ಕೊನೆಯದು ಮೇಕೆ ಸಿಕ್ಕಾಗಿನದು — "ಇಲ್ಲೈತೆ! ಇಲ್ಲೇ ಐತೆ ನೋಡ್ರಿ!" ಎಷ್ಟು ಖುಷಿಯಿತ್ತು ಅದರಲ್ಲಿ.

ಆ 'ಐತೆ'ಯೇ ನನ್ನನ್ನು ಚುಚ್ಚಿದ್ದು. ಹೊನ್ನಾಳಿಯ ನಮ್ಮ ಮನೆಯಲ್ಲೇನು ಬೇರೆ ಆಡುತ್ತಿದ್ದೆವೇ? ಅಲ್ಲೂ ಐತೆಯೇ. ಆದರೆ ಕಾಲೇಜಿನ ಮೊದಲ ವಾರ ತರಗತಿಯಲ್ಲಿ ಅದು ನನ್ನ ಬಾಯಿಂದ ಬಿದ್ದಾಗ ಹಿಂದಿನ ಬೆಂಚಿನವರೆಲ್ಲ ನಕ್ಕಿದ್ದರು. ಅಂದಿನಿಂದ ಅಳೆದು ತೂಗಿ ಮಾತಾಡುವವಳಾಗಿದ್ದೆ. ಹೊರಗಿನ ಪರೀಕ್ಷಕರು ಬರುತ್ತಾರೆ, ಮತ್ತೆ ನಗುತ್ತಾರೆ — ಆಟಕ್ಕಲ್ಲ, ನನಗೆ... ಒಪ್ಪಿಸುವ ಹಿಂದಿನ ದಿನ ಹಾಸ್ಟೆಲ್ ಕೋಣೆಯ ಬಾಗಿಲು ಹಾಕಿಕೊಂಡು ನಲವತ್ತನ್ನೂ ನನ್ನ ದನಿಯಲ್ಲಿ ಹೇಳಿ ಸೇರಿಸಿದೆ. "ಇಲ್ಲಿದೆ, ನೋಡಿ." ವಾರ್ತೆ ಓದಿದ ಹಾಗಿತ್ತು.

"ನಿನ್ನ ದನಿ ಮೈಕಿಗೆ ಒಗ್ಗಲಿಲ್ಲ ಕಣೇ." ಸುಳ್ಳನ್ನೂ ತಿದ್ದಿದ ಭಾಷೆಯಲ್ಲೇ ಹೇಳಿದೆ. ನೀನು ಸಿಟ್ಟು ಮಾಡಿದ್ದರೆ ನಿಜ ಹೇಳಿಬಿಡುತ್ತಿದ್ದೆನೇನೋ. ನೀನು ನನ್ನಲ್ಲೇ ಕ್ಷಮೆ ಕೇಳಿದೆ.

ಮರುದಿನ ಪರೀಕ್ಷಕರು ಆಡಿ ನೋಡಿದರು. "ನಮ್ ಜಗಳೂರು ಕಡೆ ಮೇಕೆ ಕಾಯೋರು ಯಾರೂ ಹಿಂಗೆ ಮಾತಾಡಲ್ಲಮ್ಮ. ಈ ಹುಡುಗಿ ಯಾವೂರಾಕಿ?" ನಾನು ಬಾಯಿ ತೆರೆಯುವ ಮೊದಲೇ ನೀನು, "ತಪ್ಪು ನಂದು ಸರ್. ನನ್ ದನಿ ಸರಿ ಬರ್ಲಿಲ್ಲ, ಅದ್ಕೇ ಇವ್ಳು ಹೇಳ್ಬೇಕಾಯ್ತು" ಎಂದೆ. ಆಗಲೂ — ಆಗಲೂ ನಾನು ನೆಲ ನೋಡುತ್ತ ನಿಂತಿದ್ದೆ.

ಆಮೇಲೆ ನಿನ್ನ ಫೋನು ಎತ್ತಲು ಧೈರ್ಯವಾಗಲಿಲ್ಲ. ನೀನೂ ಮಾಡುವುದು ಬಿಟ್ಟೆ. ಈಗ ನ್ಯಾಮತಿಯ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೇನೆ. ಕಚೇರಿಯಲ್ಲಿ ಎಲ್ಲರೂ 'ಮೇಡಂ' ಎನ್ನುತ್ತಾರೆ. 'ಬಾರೇ' ಎನ್ನುವವರು ಒಬ್ಬರೂ ಇಲ್ಲ. ಸಂಜೆ ಬಂದು ಚಹಾಕ್ಕಿಟ್ಟು, ಅಂದು ಅಂಗಡಿಯಲ್ಲಿ ರೆಕಾರ್ಡ್ ಮಾಡಿದ ನಿನ್ನ ಮಾತುಗಳನ್ನು ಹಾಕಿಕೊಳ್ಳುತ್ತೇನೆ. ಅವನ್ನು ಅಳಿಸಲು ನನ್ನಿಂದ ಆಗಿರಲಿಲ್ಲ. ಈ ಕೋಣೆಯಲ್ಲಿ ಕೇಳುವ ದನಿ ಅದೊಂದೇ.

ಮೊನ್ನೆ ಬಸ್ಸಿನಲ್ಲಿ ನಮ್ಮ ತರಗತಿಯ ಸವಿತಾ ಸಿಕ್ಕಿದ್ದಳು. ನೀನು ತ್ಯಾವಣಿಗೆಯ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೀಯಂತೆ. ಕಾರ್ಯಕ್ರಮದ ದಿನ ವೇದಿಕೆಗೆ ಕರೆದರೆ ಹಿಂದೆ ಸರಿದುಬಿಡುತ್ತೀಯಂತೆ. "ಬ್ಯಾಡ್ರಿ, ನನ್ ದನಿ ಮೈಕಿಗೆ ಒಗ್ಗಾದಿಲ್ಲ" ಎನ್ನುತ್ತೀಯಂತೆ.

ಅದು ನನ್ನ ಮಾತು, ರೇಷ್ಮಾ. ಆರು ವರ್ಷದಿಂದ ನೀನು ಅದನ್ನು ನಿಜವೆಂದು —

ಭಾನುವಾರ ನಿಮ್ಮ ಅಂಗಡಿಗೆ ಬರುತ್ತೇನೆ, ನೀನೂ ಅಲ್ಲಿರು. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ಯಂತ್ರವನ್ನು ಐದೇ ನಿಮಿಷ ನಿಲ್ಲಿಸಿರೆಂದು ನಿಮ್ಮಪ್ಪನನ್ನು ಕೇಳಿಕೊಳ್ಳುತ್ತೇನೆ. ಅವರ ಮುಂದೆಯೇ ನಿನ್ನ ದನಿಯನ್ನು ನಿನಗೆ ಕೇಳಿಸಿ, ನಮ್ಮ ಮನೆಯ ಮಾತಿನಲ್ಲೇ ಹೇಳುತ್ತೇನೆ: "ಸುಳ್ಳು ಹೇಳಿದ್ದೆ ಕಣೇ. ನಿನ್ ದನಿ ಚೆನ್ನಾಗೈತೆ."