ಮಗ್ಗದ ಮನೆಯ ಬೋರ್ಡು

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಕರೆಂಟು ಹೋದರೆ ಯಾರೂ ಮೊದಲು ಮೇಣದಬತ್ತಿ ಹುಡುಕುವುದಿಲ್ಲ. ಮೊದಲು ಸ್ವಿಚ್ಚುಗಳನ್ನು ಆಫ್ ಮಾಡುತ್ತೇವೆ. ನಡೆಯುತ್ತಿದ್ದ ಮಗ್ಗ ಕರೆಂಟು ಹೋಗಿ ನಿಂತಿದ್ದರೆ, ಕರೆಂಟು ವಾಪಸ್ ಬಂದ ಕ್ಷಣ ತಾನಾಗಿ ಹೊರಟುಬಿಡುತ್ತದೆ. ಆ ಹೊತ್ತಿನಲ್ಲಿ ಯಾರದಾದರೂ ಕೈ ಎಳೆಗಳ ನಡುವೆ ಇದ್ದರೆ ಮುಗಿಯಿತು. ಅದಕ್ಕೇ ಅಮ್ಮ, ಒಲೆ ಮುಂದೆ ಇರಲಿ, ಬಚ್ಚಲಲ್ಲಿರಲಿ, ಓಡಿಬಂದು ಮಗ್ಗದ ಮನೆಯ ಬೋರ್ಡುಗಳ ಮೇಲೆಲ್ಲ ಅಂಗೈ ಎಳೆದುಬಿಡುತ್ತಾಳೆ. ಮೋಟರು, ಫ್ಯಾನು, ಲೈಟು, ಯಾವುದನ್ನೂ ಬಿಡುವುದಿಲ್ಲ. ಆಮೇಲೆ ಅಪ್ಪನಿಗೆ ಕೇಳುವ ಹಾಗೆ "ಆಫು" ಅನ್ನುತ್ತಾಳೆ. ಆ ಒಂದು ಮಾತು ಕೇಳಿದ ಮೇಲೆಯೇ ಅಪ್ಪ ತುಂಡಾದ ಎಳೆ ಕಟ್ಟಲು ಕೈ ಒಳಗೆ ಹಾಕುವುದು.

ಆ ಮಗ್ಗದ ಸದ್ದಿನಲ್ಲೇ ಓದಿ ನಾನು ಬಿಎಸ್ಸಿ ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಬಂದದ್ದು ನನ್ನಿಂದಲೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಕೈಹಿಡಿದು ಓದಿಸಲಿಲ್ಲ. ಹಾಗಾಗಿ ಮನೆಗೆ ಹೊಸ ಯಂತ್ರ ಯಾವುದು ಬಂದರೂ ಅದರ ಜೊತೆಯ ಕಾಗದ ಓದುವ ಕೆಲಸ ನನ್ನದು.

ಅಪ್ಪನ ಕಣ್ಣು ಮಂಜಾಗತೊಡಗಿದಾಗಲೂ ಹಾಗೆಯೇ ಆಯಿತು. ಆಪರೇಷನ್ ಆದ ಮೇಲೂ ಸಂಜೆಯ ಮಬ್ಬಿನಲ್ಲಿ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ನಡುಮನೆಯಿಂದ ಮಗ್ಗದ ಮನೆಗೆ ಇಳಿಯುವ ಕಲ್ಲಿನ ಮೆಟ್ಟಿಲು ಕಡಿದು. ಕೆಳಗೆ ಇಳಿದ ಕೂಡಲೇ ಮಗ್ಗದ ಕಬ್ಬಿಣದ ಚೌಕಟ್ಟು. ತಡಕಾಡಿ ಸ್ವಿಚ್ ಹಾಕುವುದು ಅವರಿಗೆ ಅವಮಾನ. "ಈ ಮೆಟ್ಲು ನಂಗ್ ಗೊತ್ತಿಲ್ವಾ" ಎಂದು ಕತ್ತಲಲ್ಲೇ ಇಳಿಯುವರು. ಒಂದು ದಿನ ಬೀಳುತ್ತಾರೆ ಎಂಬ ಭಯ ನನಗಿತ್ತು.

ಸ್ಮಾರ್ಟ್ ಬಲ್ಬ್ ತಂದೆ. ಮೆಟ್ಟಿಲ ತಲೆಯ ಬಳಿ ಒಂದು ಪುಟ್ಟ ಸೆನ್ಸರ್. ಯಾರಾದರೂ ಬಂದರೆ ಅದು ಬಲ್ಬಿಗೆ ಹೇಳುತ್ತದೆ, ಬಲ್ಬು ಹತ್ತುತ್ತದೆ. ಮಗ್ಗದ ಮೇಲಿನ ಹಳೇ ಹೋಲ್ಡರಿಗೇ ತಿರುಗಿಸಿದ್ದು, ಗೋಡೆ ಕೊರೆಯುವ ಗೋಜಿಲ್ಲ. ಸ್ವಿಚ್ಚು ಮಾತ್ರ ಯಾವಾಗಲೂ ಆನ್ ಇರಬೇಕು. ಆಫ್ ಮಾಡಿದರೆ ಬಲ್ಬಿಗೆ ಜೀವವೇ ಇಲ್ಲ, ಯಾರು ಕರೆದರೂ ಏಳುವುದಿಲ್ಲ. ಅಮ್ಮನಿಗೆ ಹೇಳಿದೆ. ಅಮ್ಮ ತಲೆಯಾಡಿಸಿದಳು.

ತಲೆಗೆ ಹೇಳಿದ್ದು ಕೈಗೆ ತಲುಪಲಿಲ್ಲ. ಒಂದು ಮುಸ್ಸಂಜೆ ಕರೆಂಟು ಹೋಯಿತು, ಅಮ್ಮನ ಅಂಗೈ ಬೋರ್ಡುಗಳ ಮೇಲೆ ಹರಿದಾಡಿತು, ಕರೆಂಟು ಬಂತು. ಬೆಳಕು ತಾನಾಗಿ ಬರುತ್ತದೆಂದು ಅಪ್ಪ ಕಾಲಿಟ್ಟರು. ಬರಲಿಲ್ಲ. ನಾನು ಹೋಗುವಷ್ಟರಲ್ಲಿ ಬಾಗಿಲ ಚೌಕಟ್ಟು ಹಿಡಿದು ಅರ್ಧ ಕೂತಿದ್ದರು. ಮೊಣಕಾಲ ಕೆಳಗೆ ಚರ್ಮ ಕಿತ್ತು ಬಂದಿತ್ತು.

"ಮೊದ್ಲಾದ್ರೆ ಹುಷಾರಾಗಿ ಇಳೀತಿದ್ದೆ ಕಣಮ್ಮ," ಅಂದರು. "ಈಗ ನಿನ್ ಲೈಟ್ ನಂಬ್ಕೊಂಡ್ ಇಳ್ದೆ."

ತಮ್ಮನಿಗೆ ಮಾತೆತ್ತಲು ಅಷ್ಟೇ ಸಾಕಾಯಿತು. "ನಾನ್ ಅವತ್ತೇ ಹೇಳ್ಲಿಲ್ವಾ ಅಕ್ಕ? ಬಲ್ಬ್ ಬುದ್ಧಿವಂತ ಆದ್ರೆ ಪ್ರಯೋಜನ ಇಲ್ಲ, ಸ್ವಿಚ್ ಬುದ್ಧಿವಂತ ಆಗ್ಬೇಕು. ಅಮ್ಮ ಆಫ್ ಮಾಡ್ಲಿ ಬಿಡು, ಅದು ಮತ್ತೆ ತಾನೇ ಆನ್ ಆಗುತ್ತೆ."

ಮಾತು ಸರಿಯಾಗಿಯೇ ಇತ್ತು. ಆದರೆ ಸ್ಮಾರ್ಟ್ ಸ್ವಿಚ್ಚಿಗೆ ಸದಾ ಎಚ್ಚರವಿರಲು, ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ತಂತಿ ಬೇಕು. ಮೆಟ್ಟಿಲ ಬಳಿಯ ಹಳೇ ಬೋರ್ಡಿನಲ್ಲಿ ಅದಿರಲಿಲ್ಲ. ಮಗ್ಗದ ಮೋಟರಿನ ಬೋರ್ಡಿನಲ್ಲಿತ್ತು. ಎಲೆಕ್ಟ್ರಿಷಿಯನ್ ಲೈಟಿನ ತಂತಿಯನ್ನು ಅಲ್ಲಿಗೇ ಎಳೆದು ಸ್ಮಾರ್ಟ್ ಸ್ವಿಚ್ ಕೂರಿಸಿದ. "ಇನ್ನೊಂದು ಜಾಗ ಖಾಲಿ ಐತೆ, ಮೋಟ್ರೂ ಇದಕ್ಕೇ ಕೊಟ್‌ಬಿಡ್ಲಾ?" ಅಂದ. ತಮ್ಮ ಹೂಂ ಅನ್ನುವ ಮೊದಲೇ ನಾನು ಬೇಡವೆಂದೆ. ತಮ್ಮ ಮುಖ ಗಂಟಿಕ್ಕಿದ. "ಡಿಗ್ರಿ ಓದಿರೋಳು ನೀನೇ, ಹೆದ್ರೋಳೂ ನೀನೇ."

ಕೆಲವು ದಿನ ಚೆನ್ನಾಗಿ ನಡೆಯಿತು. ಆಮೇಲೊಂದು ಸಂಜೆ ನೇಯುತ್ತಿದ್ದಾಗಲೇ ಕರೆಂಟು ಹೋಯಿತು. ಅಮ್ಮ ಬಂದಳು, ಕೈ ಎಳೆದಳು, "ಆಫು" ಅಂದಳು. ಕಿಟಕಿಯ ಉಳಿದ ಬೆಳಕಿನಲ್ಲಿ ಅಪ್ಪ ಬಗ್ಗಿ ಎರಡೂ ಕೈ ಎಳೆಗಳೊಳಗೆ ಹಾಕಿದ್ದರು. ನಾನು ಕಾಫಿ ಹಿಡಿದು ಮೆಟ್ಟಿಲ ತಲೆಗೆ ಬಂದೆ. ಅಷ್ಟರಲ್ಲಿ ಕರೆಂಟು ಬಂದಿತ್ತು. ಸೆನ್ಸರ್ ನನ್ನನ್ನು ಕಂಡಿತು. ಅಪ್ಪನ ತಲೆಯ ಮೇಲೆ ಬಲ್ಬು ಝಗ್ಗೆಂದಿತು.

ಅಪ್ಪ ಕೈ ಕಿತ್ತುಕೊಂಡ ರಭಸಕ್ಕೆ ಹಿಡಿಯಷ್ಟು ಎಳೆ ಹರಿದುಬಂತು. ಗೋಡೆಗೆ ಆನಿಕೊಂಡು ನಿಂತರು. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡರು. ನಮ್ಮಲ್ಲಿ ಆ ಲೈಟು ಉರಿಯುತ್ತಿದ್ದರೆ ಬೋರ್ಡು ಆಫ್ ಆಗಿಲ್ಲ, ಮಗ್ಗಕ್ಕೆ ಜೀವವಿದೆ ಎಂದೇ ಅರ್ಥ.

"ಆಫ್ ಮಾಡ್ಲಿಲ್ವಾ?" ಅಂದರು ಅಮ್ಮನಿಗೆ.

"ಮಾಡ್ದೆ."

"ಮಾಡಿದ್ಯಾ?"

ಅಮ್ಮ ತಿರುಗಿ ಬೋರ್ಡನ್ನು ನೋಡಿದಳು. ಇಷ್ಟು ವರ್ಷದಲ್ಲಿ ಅಪ್ಪ ಆ ಪ್ರಶ್ನೆಯನ್ನು ಎರಡನೇ ಸಲ ಕೇಳಿದ್ದನ್ನು ನಾನು ಕಂಡಿರಲಿಲ್ಲ.

ತಮ್ಮ ಒಳಗಿನಿಂದ ಬಂದ. "ಲೈಟ್ ಒಂದೇ ಅಪ್ಪ ಆನ್ ಆಗಿದ್ದು. ಮೋಟ್ರು ಆಫಲ್ಲೇ ಇದೆ, ನೋಡಿ."

"ಅದು ನಿಂಗ್ ಗೊತ್ತು ಕಣಪ್ಪ. ನನ್ ಕೈಗೆ ಗೊತ್ತಾ?" ಅಂದರು ಅಪ್ಪ. "ಕಿತ್ತಾಕು ಅದನ್ನ. ನಾನ್ ಕತ್ಲಲ್ಲೇ ಇಳೀತೀನಿ."

ಕಿತ್ತರೆ ಮತ್ತೆ ಮೆಟ್ಟಿಲು. ಬಿಟ್ಟರೆ ಅಮ್ಮನ ಮಾತಿನ ಮೇಲಿನ ನಂಬಿಕೆ ಹೋಗುತ್ತದೆ. ನಂಬಿಕೆ ಹೋದ ಮೇಲೆ ಅಪ್ಪ ಮಗ್ಗದೊಳಗೆ ಕೈ ಹಾಕುವುದು ಹೇಗೆ? ಅಮ್ಮ ಆಫ್ ಮಾಡಿದ್ದನ್ನು ಸೆನ್ಸರ್ ಮತ್ತೆ ಆನ್ ಮಾಡಬಲ್ಲದು ಎಂಬುದೇ ದೀಪಕ್ಕೆ ಬೇಕಾದ ಗುಣ, ಅದೇ ಮಗ್ಗದ ಹತ್ತಿರ ಬೇಡವಾದದ್ದು. ಹಾಗಾದರೆ ಅವೆರಡೂ ಒಂದೇ ಬೋರ್ಡಿನಲ್ಲಿ ಇರಕೂಡದು, ದೀಪವೂ ಮಗ್ಗದ ಮೇಲೆ ಉರಿಯಕೂಡದು. ನಾನು ಅಷ್ಟನ್ನೇ ಹೇಳಿದೆ. ಎಲೆಕ್ಟ್ರಿಷಿಯನ್ ಗೋಡೆ ಕೊರೆಯಬೇಕಾಗುತ್ತದೆಂದು ಗೊಣಗಿದ. ಕೊರಿ ಅಂದೆ.

ಮೆಟ್ಟಿಲ ಬಳಿಗೆ ನ್ಯೂಟ್ರಲ್ ತಂತಿ ಬಂತು. ಸ್ಮಾರ್ಟ್ ಸ್ವಿಚ್ ಅಲ್ಲಿ ಕೂತಿತು, ಅದರ ಬಲ್ಬು ಮೆಟ್ಟಿಲ ನೆತ್ತಿಗೆ. ಮಗ್ಗದ ಮೇಲಿನ ದೀಪ ಮತ್ತೆ ಹಳೇ ಬಲ್ಬಾಯಿತು. ಮೋಟರಿನ ಬೋರ್ಡಿನಲ್ಲಿ ಹಳೇ ಕಪ್ಪು ಸ್ವಿಚ್ಚುಗಳಷ್ಟೇ ಉಳಿದವು.

ಮಾರನೇ ಸಂಜೆ ಕರೆಂಟು ಹೋಗಿ ಬಂತು. ಅಪ್ಪ ಮೆಟ್ಟಿಲ ಬಳಿ ಬಂದರು, ದೀಪ ಹತ್ತಿತು. ಇಳಿದರು. ಮಗ್ಗದ ಮುಂದೆ ನಿಂತರು. ಕೈ ಹಾಕಲಿಲ್ಲ. ಅಮ್ಮ ಬೋರ್ಡಿನ ಹತ್ತಿರವೇ ಇದ್ದಳು, ಸ್ವಿಚ್ಚುಗಳ ಮೇಲೆ ಕೈ ಎಳೆದಾಗಿತ್ತು.

ಅಮ್ಮ ಅಪ್ಪನ ಮಣಿಕಟ್ಟು ಹಿಡಿದು ಬೋರ್ಡಿಗೆ ತಂದಳು. ಅವರ ಬೆರಳನ್ನು ಕಪ್ಪು ಸ್ವಿಚ್ಚಿನ ಮೇಲಿಟ್ಟಳು. ಅಪ್ಪ ತಡವಿ ನೋಡಿದರು.

"ಆಫು," ಅಂದಳು ಅಮ್ಮ.

ಅಪ್ಪ ಹಿಂತಿರುಗಿ, ಬಗ್ಗಿ, ತುಂಡಾದ ಎಳೆಯನ್ನು ಹುಡುಕತೊಡಗಿದರು.